ಹೊಯ್ಗೆ ದಿಬ್ಬದ ಗಿಡಗಳ ಲೆಕ್ಕ

(ಸಾಗರದಲ್ಲಿ ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಅಡಿಕೆ ಬೆಳೆಗಾರರ ಮುಂದೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ತವರು ಹೊನ್ನಾವರದ ಕಡೆ. ಮದುವೆಯಾಗಿ ಸಾಗರ ಸೀಮೆಗೆ ಬಂದವಳು. ಒಮ್ಮೆ ನಮ್ಮ ಅತ್ತೆಯವರನ್ನು ತವರಿಗೆ ಕರೆದುಕೊಂಡು ಹೋಗಿದ್ದೆ. ಸಂಜೆ ಕಡಲ ದಂಡೆಗೆ ಹೋದೆವು. ಅವರು ಕಾನಿನ, ಅಂದರೆ ದಟ್ಟ ಕಾಡಿನ ಅಂಚಿನಲ್ಲಿ ಹುಟ್ಟಿ ಬೆಳೆದವರು. ಸಮುದ್ರವನ್ನು ತುಂಬಾ ಹೊತ್ತು ನೋಡುತ್ತಾ ನಿಂತರು. ಆಮೇಲೆ ಹಿಂದೆ ತಿರುಗಿ ಮರಳು ದಿಬ್ಬ ನೋಡಿದರು. "ಇಷ್ಟೊಂದು ಜಾಗ ಸುಮ್ನೆ ಖಾಲಿ ಬಿದ್ದಿದೆಯಲ್ಲ ಕೂಸೇ, ಏನಾದ್ರೂ ನೆಡಬಾರದಾ?" ಎಂದರು.

ಖಾಲಿ ಎಂಬ ಆ ಮಾತು ನನ್ನ ಜೊತೆಗೇ ಉಳಿಯಿತು. ಅತ್ತೆಯವರ ತಪ್ಪಲ್ಲ ಅದು. ಮಲೆನಾಡಿನ ಕಣ್ಣಿಗೆ ಹಾಗೇ ಕಾಣುತ್ತದೆ. ನಮ್ಮ ಕಾನಿನಲ್ಲಿ ಒಂದೇ ಒಂದು ಮರದ ಬೊಡ್ಡೆ ನೋಡಿ. ಪಾಚಿ, ಜರಿಗಿಡ, ಕಾಳುಮೆಣಸಿನ ಬಳ್ಳಿ, ಮೇಲೆ ಸೀತೆದಂಡೆ, ಒಂದರ ಮೇಲೊಂದು ಹತ್ತಿ ಕುಳಿತಿರುತ್ತವೆ. ಆ ಕಣ್ಣಲ್ಲಿ ಮರಳು ದಿಬ್ಬ ನೋಡಿದರೆ ಅಲ್ಲೊಂದು ಬಳ್ಳಿ, ಇಲ್ಲೊಂದು ಮುಳ್ಳು ಹುಲ್ಲು. ಅಷ್ಟೇ.

ನಮ್ಮಲ್ಲಿ ಬ್ಯಾಣಗಳಿಗೂ, ಅಂದರೆ ಹುಲ್ಲುಗಾವಲುಗಳಿಗೂ, ಇದೇ ಗತಿ ಆಯಿತಲ್ವಾ? ಹುಲ್ಲು ಮಾತ್ರ ಇದೆ, ಜಾಗ ಖಾಲಿ ಇದೆ ಎಂದು ಅಕೇಶಿಯ ನೆಟ್ಟರು. ಹುಲ್ಲಿನ ನಡುವೆ ಮಳೆಗಾಲದಲ್ಲಿ ಮಾತ್ರ ತಲೆ ಎತ್ತುವ ಗಡ್ಡೆ ಗಿಡಗಳಿದ್ದವು, ನೆಲದ ಸೀತಾಳೆಗಳಿದ್ದವು. ನೆಡುವ ಮೊದಲು ಅವನ್ನು ಯಾರೂ ಎಣಿಸಿರಲಿಲ್ಲ. ಎಣಿಸದೇ ಇದ್ದದ್ದು ಹೋದರೆ ಹೋಯಿತು ಎಂದು ಗೊತ್ತಾಗುವುದೂ ಇಲ್ಲ.

ಹಾಗಾಗಿ ಇವತ್ತು ಎಣಿಕೆಯ ಬಗ್ಗೆಯೇ ಮಾತಾಡುತ್ತೇನೆ. ಹೊಯ್ಗೆ ದಿಬ್ಬದ, ಅಂದರೆ ಕಡಲ ದಂಡೆಯ ಮರಳು ದಿಬ್ಬದ ಮೇಲೆ ಗಿಡಗಳ ವೈವಿಧ್ಯವನ್ನು ಅಳೆಯುವುದು ಹೇಗೆ, ಅಳೆದ ಅಂಕಿ ಏನು ಹೇಳುತ್ತದೆ, ಎಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂದು.

ಮೊದಲು ದಿಬ್ಬ ಹೇಗಾಗುತ್ತದೆ ನೋಡೋಣ. ಅಲೆ ಮರಳನ್ನು ತಂದು ದಡಕ್ಕೆ ಹಾಕುತ್ತದೆ. ಬಿಸಿಲಿಗೆ ಒಣಗಿದ ಮರಳನ್ನು ಗಾಳಿ ಒಳನಾಡಿಗೆ ತೂರುತ್ತದೆ. ದಾರಿಯಲ್ಲಿ ಒಂದು ಬಳ್ಳಿ ಸಿಕ್ಕಿತು ಅನ್ನಿ. ಅಲ್ಲಿ ಗಾಳಿಯ ವೇಗ ಕಡಿಮೆಯಾಗುತ್ತದೆ, ಮರಳು ಬೀಳುತ್ತದೆ. ಬಳ್ಳಿ ಹೂತು ಹೋಗುತ್ತದೆ. ಬೇರೆ ಗಿಡವಾದರೆ ಸತ್ತೇ ಹೋಗುತ್ತಿತ್ತು. ಇದು ಹೂತ ಜಾಗದಲ್ಲೇ ಗೆಣ್ಣಿಗೊಂದು ಬೇರು ಬಿಟ್ಟು ಮತ್ತೆ ಮೇಲೆ ಬರುತ್ತದೆ. ಮತ್ತೆ ಮರಳು ಬೀಳುತ್ತದೆ, ಮತ್ತೆ ಮೇಲೆ ಬರುತ್ತದೆ. ಹೀಗೆ ವರ್ಷಗಟ್ಟಲೆ ನಡೆದರೆ ದಿಬ್ಬ. ಗಿಡವೇ ಕಟ್ಟಿದ ದಿಬ್ಬ ಅದು. ಗಿಡ ಕಿತ್ತರೆ ದಿಬ್ಬ ಮತ್ತೆ ಹಾರುವ ಮರಳಾಗುತ್ತದೆ.

ಈ ಕೆಲಸ ಮಾಡುವ ದೊಡ್ಡ ಬಳ್ಳಿ ಅಡುಂಬು. ನೇರಳೆ ಗುಲಾಬಿ ಬಣ್ಣದ ಹೂವು, ನೀವೆಲ್ಲ ನೋಡಿರುತ್ತೀರಿ. ಎಲೆಯ ತುದಿ ಎರಡಾಗಿ ಸೀಳಿರುತ್ತದೆ, ಆಡಿನ ಗೊರಸಿನ ಹಾಗೆ. ಲ್ಯಾಟಿನ್ ಹೆಸರು ಐಪೋಮಿಯ ಪೆಸ್-ಕ್ಯಾಪ್ರೆ. ಪೆಸ್-ಕ್ಯಾಪ್ರೆ ಎಂದರೆ ಆಡಿನ ಕಾಲು ಎಂದೇ ಅರ್ಥ. ಬೀಜ ಉಪ್ಪುನೀರಿನಲ್ಲಿ ತೇಲಿ ಹೋಗುತ್ತದೆ. ಹಾಗಾಗಿ ಉಷ್ಣವಲಯದ ಬಹುತೇಕ ಎಲ್ಲ ಕಡಲ ದಂಡೆಗಳಲ್ಲೂ ಈ ಬಳ್ಳಿ ಇದೆ.

ಈಗ ನಿಮ್ಮ ಕೈಯಿಂದ ಕೈಗೆ ಹೋಗುತ್ತಿರುವ ಮುಳ್ಳಿನ ಚೆಂಡು ರಾವಣನ ಮೀಸೆಯದು. ಸ್ಪಿನಿಫೆಕ್ಸ್ ಲಿಟ್ಟೋರಿಯಸ್. ಮೆಲ್ಲಗೆ ಹಿಡಿಯಿರಿ, ಚುಚ್ಚುತ್ತದೆ. ಈ ಹುಲ್ಲಿನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಚೆಂಡು ಬಿಡುವುದು ಹೆಣ್ಣು ಗಿಡ ಮಾತ್ರ. ಬಲಿತ ಮೇಲೆ ಚೆಂಡು ಕಳಚಿಕೊಂಡು ಗಾಳಿಗೆ ಮರಳಿನ ಮೇಲೆ ಉರುಳುತ್ತಾ ಹೋಗುತ್ತದೆ, ಹೋದ ಕಡೆ ಬೀಜ ಬೀಳುತ್ತದೆ. ನೆನಪಿಡಿ, ಒಂದು ದಂಡೆಯಲ್ಲಿ ರಾವಣನ ಮೀಸೆ ಬೇಕಾದಷ್ಟು ಇರಬಹುದು. ಆದರೆ ಅಲ್ಲಿ ಗಂಡು ಗಿಡಗಳೇ ಉಳಿದಿದ್ದರೆ ಬೀಜ ಎಲ್ಲಿಂದ ಬರಬೇಕು? ಜಾತಿಯ ಹೆಸರು ಬರೆದು ಪಕ್ಕದಲ್ಲಿ ಗಂಡು, ಹೆಣ್ಣು ಎಂದೂ ಬರೆಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇವೆರಡರ ಜೊತೆಗೆ ಅವರೆ ಜಾತಿಗೆ ಸೇರಿದ ಕೆನವಾಲಿಯ ಬಳ್ಳಿ ಇದೆ. ಬಡ ಮರಳಿಗೆ ಸಾರಜನಕ ಕೂಡಿಸುವುದು ಅದರ ಬೇರಿನ ಗಂಟುಗಳು. ನೆಲಕ್ಕೆ ಅಂಟಿಕೊಂಡು ಹಬ್ಬುವ ಹಳದಿ ಹೂವಿನ ಲೌನಿಯ ಇದೆ. ಒಂದೆರಡು ಬಗೆಯ ಜೇಕು ಇದೆ. ದಿಬ್ಬದ ನೆತ್ತಿ ದಾಟಿ ಹಿಂದೆ ಹೋದರೆ ಎಕ್ಕ, ನಮ್ಮ ಲಕ್ಕಿ ಗಿಡದ ದಾಯಾದಿಗಳು, ಕೇದಿಗೆ. ಇನ್ನೂ ಹಿಂದೆ ಹೊನ್ನೆ. ಹೊನ್ನೆ ಅಂದ ಕೂಡಲೇ ನಿಮಗೆ ನಮ್ಮ ಕಾಡಿನ ಹೊನ್ನೆ ಮರ ನೆನಪಾಗುತ್ತದೆ. ಇದು ಅದಲ್ಲ, ಬೀಜದಿಂದ ಎಣ್ಣೆ ತೆಗೆಯುವ ಸುರಹೊನ್ನೆ. ಘಟ್ಟದ ಮೇಲೊಂದು, ಕೆಳಗೊಂದು ಮರಕ್ಕೆ ಒಂದೇ ಹೆಸರು. ಲೆಕ್ಕದ ಪುಸ್ತಕದಲ್ಲಿ ಊರ ಹೆಸರಿನ ಜೊತೆ ಲ್ಯಾಟಿನ್ ಹೆಸರೂ ಇರಲೇಬೇಕು ಎನ್ನುವುದು ಇಂಥ ಕಾರಣಕ್ಕೆ.

ಕಡಲಿಂದ ಒಳಗೆ ನೂರು ಹೆಜ್ಜೆ ನಡೆದರೆ ಗಿಡಗಳು ಹೀಗೆ ಬದಲಾಗುತ್ತಾ ಹೋಗುತ್ತವೆ. ಉಪ್ಪಿನ ಹನಿ, ಹಾರುವ ಮರಳು, ಎರಡೂ ಮುಂದೆ ಜಾಸ್ತಿ, ಹಿಂದೆ ಕಡಿಮೆ. ಅಮೆರಿಕದ ಸಸ್ಯವಿಜ್ಞಾನಿ ಹೆನ್ರಿ ಕೌಲ್ಸ್ ಮಿಶಿಗನ್ ಸರೋವರದ ದಡದ ಮರಳು ದಿಬ್ಬಗಳಲ್ಲಿ ಗಿಡಗಳು ಹೀಗೆ ಬದಲಾಗುವುದನ್ನು ನೋಡಿ 1899ರಲ್ಲಿ ಬರೆದರು. ನೀರಿನ ಹತ್ತಿರದ ದಿಬ್ಬ ಎಳೆಯದು, ಹಿಂದಿನದು ಹಳೆಯದು. ಹಾಗಾಗಿ ದಿಬ್ಬದ ಮೇಲೆ ನಡೆಯುವುದು ಕಾಲದಲ್ಲಿ ನಡೆದ ಹಾಗೆ. ಒಂದು ಜಾಗದ ಗಿಡಗಳು ಕಾಲ ಕಳೆದಂತೆ ಹೇಗೆ ಬದಲಾಗುತ್ತವೆ ಎಂಬ ಇಡೀ ವಿಚಾರ ಬೆಳೆದದ್ದರಲ್ಲಿ ಮರಳು ದಿಬ್ಬಗಳ ಪಾಲು ದೊಡ್ಡದು. ಹೀಗಿದ್ದೂ ನಮ್ಮಲ್ಲಿ ಅವನ್ನು ಕೇಳುವವರಿಲ್ಲ. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಕಡಲ ದಿಬ್ಬಗಳ ಬಗ್ಗೆ ಬರೆದಾಗ ತಲೆಬರಹದಲ್ಲೇ ಅವನ್ನು ಕಡೆಗಣಿಸಿದ ಪರಿಸರ ಎಂದು ಕರೆದಿದ್ದರು. ಕೌಲ್ಸ್ ಬರೆದು ಸರಿಯಾಗಿ ನೂರು ವರ್ಷಕ್ಕೆ.

ಈಗ ಕೆಲಸಕ್ಕೆ ಇಳಿಯೋಣ.

ಬೇಕಾದ ಸಾಮಾನು ಇಷ್ಟೇ. ಉದ್ದದ ಹಗ್ಗ, ಮೀಟರ್ ಟೇಪು, ಪಿವಿಸಿ ಪೈಪಿನಿಂದ ಮಾಡಿದ ಒಂದು ಮೀಟರ್ ಉದ್ದಗಲದ ಚೌಕ. ಇಗೋ, ಇದೇ ಅದು. ಇದರೊಳಗೆ ಹತ್ತು ಸೆಂಟಿಮೀಟರಿಗೊಂದರಂತೆ ಎರಡೂ ಕಡೆ ದಾರ ಕಟ್ಟಿದ್ದೇನೆ. ಒಟ್ಟು ನೂರು ಸಣ್ಣ ಮನೆಗಳು.

ಹಗ್ಗವನ್ನು ಉಬ್ಬರದ ಗೆರೆಯಿಂದ ನೇರ ಒಳನಾಡಿನ ಕಡೆ ಎಳೆಯಬೇಕು. ದಂಡೆಯ ಉದ್ದಕ್ಕೆ ಅಲ್ಲ, ದಂಡೆಗೆ ಅಡ್ಡಲಾಗಿ. ಉದ್ದಕ್ಕೆ ಎಳೆದರೆ ಒಂದೇ ಪಟ್ಟಿಯ ಗಿಡಗಳನ್ನು ಮತ್ತೆ ಮತ್ತೆ ಎಣಿಸಿದಂತಾಗುತ್ತದೆ. ಹಗ್ಗದ ಮೇಲೆ ಐದು ಮೀಟರಿಗೊಮ್ಮೆ ಚೌಕ ಇಡಿ. ಹಿಂದಿನ ಪೊದೆಗಳಿಗೆ ಐದು ಮೀಟರಿನ ಚೌಕ, ಮರಗಳಿಗೆ ಹತ್ತು ಮೀಟರಿನದು ಬೇಕಾಗುತ್ತದೆ. ಇಂಥ ಹಗ್ಗ ಒಂದು ದಂಡೆಗೆ ಒಂದು ಸಾಲದು. ಎಲ್ಲೆಲ್ಲಿ ಎಳೆಯಬೇಕು ಎನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಕಣ್ಣಿಗೆ ಬಿಟ್ಟರೆ ಕಣ್ಣು ಹೂವಿರುವ ಕಡೆಗೇ ಹೋಗುತ್ತದೆ. ನಡೆಯುವಾಗ ಎಲ್ಲರೂ ಹಗ್ಗದ ಒಂದೇ ಬದಿಯಲ್ಲಿ ನಡೆಯಬೇಕು. ಇಪ್ಪತ್ತು ವಿದ್ಯಾರ್ಥಿಗಳು ಎರಡೂ ಕಡೆ ತುಳಿದರೆ ಎಣಿಸಲು ಹೋದವರೇ ದಿಬ್ಬ ಕೆಡವಿ ಬಂದಂತೆ.

ಚೌಕದೊಳಗೆ ಏನೂ ಇಲ್ಲದಿದ್ದರೆ? ಹೊಸಬರು ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ, ಇಲ್ಲವೇ ಗಿಡ ಇರುವ ಕಡೆ ಚೌಕವನ್ನು ಸ್ವಲ್ಪ ಸರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೊನ್ನೆ ಎಂದು ಬರೆಯಿರಿ. ಹಾರುವ ಮರಳಿನ ಜಾಗವೂ ದಿಬ್ಬದ್ದೇ. ಮುಂದಿನ ವರ್ಷ ಆ ಸೊನ್ನೆಯ ಜಾಗಕ್ಕೆ ಅಡುಂಬು ಬಂದರೆ, ದಿಬ್ಬ ಬೆಳೆಯುತ್ತಿದೆ ಎಂದು ನಮಗೆ ಗೊತ್ತಾಗುವುದು ಆ ಸೊನ್ನೆಯಿಂದಲೇ.

ಇನ್ನೊಂದು ತೊಡಕು. ಅಡುಂಬು ಎಷ್ಟು ಗಿಡ ಇದೆ ಎಂದು ಎಣಿಸುವುದು ಹೇಗೆ? ಒಂದೇ ಬಳ್ಳಿ ಹತ್ತಾರು ಮೀಟರ್ ಹೋಗಿ ಹೆಜ್ಜೆ ಹೆಜ್ಜೆಗೂ ಬೇರು ಬಿಟ್ಟಿರುತ್ತದೆ. ನಿಮ್ಮ ಅಂಗಳದಲ್ಲಿ ಗರಿಕೆ ಎಷ್ಟು ಗಿಡ ಇದೆ ಎಂದು ಕೇಳಿದರೆ ಏನು ಹೇಳುತ್ತೀರಿ? ಒಂದೆಲಗ ಎಷ್ಟು ಗಿಡ? ಹೇಳಲು ಬರುವುದಿಲ್ಲ. ಆದರೆ ಅಂಗಳದ ಎಷ್ಟು ಭಾಗ ಗರಿಕೆ ಮುಚ್ಚಿದೆ ಎಂದರೆ ಹೇಳಬಹುದು. ಇಲ್ಲೂ ಅದೇ. ಗಿಡ ಎಣಿಸಬೇಡಿ, ಮುಚ್ಚಿದ ಮನೆಗಳನ್ನು ಎಣಿಸಿ. ನೂರು ಮನೆಗಳಲ್ಲಿ ಅಡುಂಬು 40, ರಾವಣನ ಮೀಸೆ 15, ಉಳಿದದ್ದು ಬರೀ ಮರಳು. ಶೇಕಡ ಲೆಕ್ಕ ತಾನಾಗಿ ಬಂತು.

ದಿಬ್ಬದ ಏರಿಳಿತವನ್ನೂ ಬರೆದುಕೊಳ್ಳಬೇಕು. ಎತ್ತರ ಗೊತ್ತಿಲ್ಲದೆ ಗಿಡದ ಪಟ್ಟಿಗೆ ಅರ್ಥವಿಲ್ಲ. ಇದಕ್ಕೆ ದೊಡ್ಡ ಉಪಕರಣ ಬೇಡ. 1961ರಲ್ಲಿ ಎಮರಿ ಎಂಬ ಕಡಲ ವಿಜ್ಞಾನಿ ಎರಡು ಗುರುತಿನ ಕೋಲುಗಳ ವಿಧಾನ ಹೇಳಿಕೊಟ್ಟರು. ಎರಡು ಕೋಲು ನಿಲ್ಲಿಸಿ, ಸಮುದ್ರದ ಬಾನಂಚಿಗೆ ಕಣ್ಣು ಹೊಂದಿಸಿ ಓದಿಕೊಳ್ಳುವುದು, ಅಷ್ಟೇ. ಮೋಡ ಕವಿದು ಬಾನಂಚು ಕಾಣದಿದ್ದರೆ ನಾವು ಮೇಸ್ತ್ರಿಗಳ ನೀರಿನ ಲೆವೆಲ್ ಪೈಪು ಬಳಸುತ್ತೇವೆ. ಅದೂ ಚೆನ್ನಾಗಿಯೇ ಆಗುತ್ತದೆ.

ಹೀಗೆ ಬರೆದುಕೊಂಡು ಮನೆಗೆ ಬಂದಿರಿ. ಈಗ ಕೈಯಲ್ಲೊಂದು ಪಟ್ಟಿ ಇದೆ. ಇದರಿಂದ ವೈವಿಧ್ಯ ಎಷ್ಟು ಎಂದು ಹೇಳುವುದು ಹೇಗೆ?

ಇಲ್ಲಿ ಅಡಿಕೆ ಬೆಳೆಗಾರರು ಜಾಸ್ತಿ ಇದ್ದೀರಿ, ಅಡಿಕೆಯಲ್ಲೇ ಹೇಳುತ್ತೇನೆ. ಎರಡು ಚೀಲ ಇದೆ ಅನ್ನಿ. ಎರಡರಲ್ಲೂ ನೂರು ನೂರು ಅಡಿಕೆ. ಎರಡರಲ್ಲೂ ನಾಲ್ಕೇ ಬಗೆ: ಸರಕು, ಬೆಟ್ಟೆ, ರಾಶಿ, ಗೊರಬಲು. ಮೊದಲ ಚೀಲದಲ್ಲಿ ಒಂದೊಂದು ಬಗೆಯೂ 25. ಎರಡನೆಯದರಲ್ಲಿ ರಾಶಿ 97, ಉಳಿದವು ಒಂದೊಂದೇ. ಬಗೆ ಎಷ್ಟು ಎಂದು ಕೇಳಿದರೆ ಎರಡಕ್ಕೂ ಉತ್ತರ ನಾಲ್ಕು. ಆದರೆ ವ್ಯಾಪಾರಿ ಎರಡನ್ನೂ ಒಂದೇ ಎನ್ನುತ್ತಾನಾ?

ಕಣ್ಣು ಮುಚ್ಚಿ ಚೀಲಕ್ಕೆ ಕೈ ಹಾಕಿ. ಒಂದು ಅಡಿಕೆ ತೆಗೆದು ನೋಡಿ, ಮತ್ತೆ ಅಲ್ಲೇ ಹಾಕಿ, ಇನ್ನೊಮ್ಮೆ ತೆಗೆಯಿರಿ. ಎರಡೂ ಸಲ ಒಂದೇ ಬಗೆ ಬರುವ ಸಾಧ್ಯತೆ ಎಷ್ಟು? ಮೊದಲ ಚೀಲದಲ್ಲಿ ನೂರಕ್ಕೆ 25. ಎರಡನೆಯದರಲ್ಲಿ ನೂರಕ್ಕೆ ಸುಮಾರು 94. ವೈವಿಧ್ಯವನ್ನು ಹೀಗೆ ಅಳೆಯಬಹುದು ಎಂದು ತೋರಿಸಿದವರು ಎಡ್ವರ್ಡ್ ಸಿಂಪ್ಸನ್. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುಗಳ ಗುಪ್ತಲಿಪಿ ಒಡೆಯುವ ತಂಡದಲ್ಲಿದ್ದವರು ಅವರು. 1949ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪುಟ್ಟ ಲೇಖನ ಬರೆದರು. ಅದಕ್ಕೂ ಒಂದು ವರ್ಷ ಮೊದಲು, 1948ರಲ್ಲಿ, ಬೆಲ್ ಪ್ರಯೋಗಾಲಯದ ಕ್ಲಾಡ್ ಶಾನನ್ ತಂತಿಯಲ್ಲಿ ಹೋಗುವ ಸಂದೇಶಗಳಿಗೆಂದು ಇನ್ನೊಂದು ಸೂತ್ರ ಕೊಟ್ಟಿದ್ದರು. ಮುಂದಿನ ಅಕ್ಷರ ಯಾವುದು ಎಂದು ಊಹಿಸುವುದು ಎಷ್ಟು ಕಷ್ಟ ಎಂಬ ಲೆಕ್ಕ ಅದು. ಮುಂದಿನ ಗಿಡ ಯಾವುದು ಎಂದು ಊಹಿಸುವುದು ಎಷ್ಟು ಕಷ್ಟ ಎಂದು ನಾವು ಅದನ್ನು ಬಳಸುತ್ತೇವೆ. ನಮ್ಮ ಮೊದಲ ಚೀಲದ ಶಾನನ್ ಅಂಕಿ 1.39, ಎರಡನೆಯದರದು 0.17.

1.39 ಎಂದರೆ ಏನು, ಯಾರಿಗೂ ಮನಸ್ಸಿಗೆ ಬರುವುದಿಲ್ಲ. ಅದನ್ನು 'ಎಷ್ಟು ಜಾತಿ ಇದ್ದ ಹಾಗೆ' ಎಂಬ ಲೆಕ್ಕಕ್ಕೆ ತಿರುಗಿಸಬಹುದು ಎಂದು 1973ರಲ್ಲಿ ಮಾರ್ಕ್ ಹಿಲ್ ವಿವರಿಸಿದರು. ಆಗ ಮೊದಲ ಚೀಲ ನಾಲ್ಕು, ಎರಡನೆಯದು 1.18. ಹೆಸರಿಗೆ ನಾಲ್ಕು, ನಿಜಕ್ಕೆ ಒಂದಕ್ಕಿಂತ ತುಸು ಜಾಸ್ತಿ. ವಿದ್ಯಾರ್ಥಿಗಳು ವರದಿ ಬರೆಯುವಾಗ ಈ ರೂಪದಲ್ಲೇ ಕೊಟ್ಟರೆ ಓದುವ ಪಂಚಾಯ್ತಿ ಸದಸ್ಯರಿಗೂ ಅರ್ಥವಾಗುತ್ತದೆ.

ನಾವು ನೋಡದೆ ಬಿಟ್ಟ ಜಾತಿಗಳಿಗೂ ಒಂದು ಅಂದಾಜು ಇದೆ. ತೈವಾನಿನ ಆನ್ ಚಾವೊ 1984ರಲ್ಲಿ ಕೊಟ್ಟದ್ದು. ಒಂದೇ ಸಲ ಕಂಡ ಜಾತಿಗಳು ಜಾಸ್ತಿ ಇದ್ದರೆ ಕಾಣದೆ ಉಳಿದವೂ ಜಾಸ್ತಿ ಇರುತ್ತವೆ. ಉದಾಹರಣೆಗೆ, ಒಟ್ಟು 20 ಜಾತಿ ಸಿಕ್ಕಿದೆ, ಅದರಲ್ಲಿ ಒಮ್ಮೆ ಮಾತ್ರ ಕಂಡದ್ದು 6, ಎರಡು ಸಲ ಕಂಡದ್ದು 3 ಅನ್ನಿ. ಆರನ್ನು ಆರರಿಂದ ಗುಣಿಸಿ, ಮೂರರ ಎರಡರಷ್ಟರಿಂದ ಭಾಗಿಸಿ. ಆರು ಬರುತ್ತದೆ. ಅಂದರೆ ಆ ದಿಬ್ಬದಲ್ಲಿ ಕಡಿಮೆ ಎಂದರೂ 26 ಇರಬಹುದು. ಇನ್ನೊಂದು ದಿನ ಹೋಗಿ ಹುಡುಕಬೇಕು ಎಂದು ಈ ಲೆಕ್ಕ ಹೇಳುತ್ತಿದೆ.

ಇಲ್ಲಿಯವರೆಗೆ ಎಲ್ಲ ಸರಿ. ಈಗ ನನ್ನ ಅನುಭವ ಹೇಳುತ್ತೇನೆ.

ಹಲವು ವರ್ಷಗಳ ಹಿಂದಿನ ಮಾತು. ಒಂದೇ ದಂಡೆಯಲ್ಲಿ ಎರಡು ಕಡೆ ಹಗ್ಗ ಎಳೆದೆ. ಒಂದು ಕಡೆ ಯಾರೂ ಓಡಾಡದ ದಿಬ್ಬ. ಇನ್ನೊಂದು ಕಡೆ ಹೊಸದಾಗಿ ಗಾಡಿ ದಾರಿ ಆಗಿತ್ತು. ಮನೆಗೆ ಬಂದು ಲೆಕ್ಕ ಹಾಕಿದರೆ ದಾರಿ ಆದ ಕಡೆಯೇ ಜಾತಿಗಳು ಎರಡರಷ್ಟು. ಶಾನನ್ ಅಂಕಿಯೂ ಜಾಸ್ತಿ, ಸಿಂಪ್ಸನ್ ಲೆಕ್ಕದಲ್ಲೂ ವೈವಿಧ್ಯ ಜಾಸ್ತಿ. ಉಳಿಸಬೇಕಾದದ್ದು ಇದೇ ಜಾಗ ಎಂದು ವರದಿ ಬರೆಯಲು ಕುಳಿತೆ.

ಬರೆಯುವ ಮೊದಲು ಹೆಸರುಗಳನ್ನು ಒಂದೊಂದಾಗಿ ಓದಿದೆ. ಮುಟ್ಟಿದರೆ ಮುನಿ. ತಗತೆ. ಲಂಟಾನ. ಯುಪಟೋರಿಯಂ. ಕಾಂಗ್ರೆಸ್ ಗಿಡ. ಓದುತ್ತಾ ಹೋದಂತೆ ಕೈ ನಿಂತಿತು. ಈ ಪಟ್ಟಿಯನ್ನು ಮಾಡಲು ನಾನು ಘಟ್ಟ ಇಳಿಯಬೇಕಾಗಿರಲಿಲ್ಲ. ನಮ್ಮ ಮನೆಯ ಹಿತ್ತಿಲಿಗೆ ಹೋಗಿದ್ದರೆ ಸಾಕಿತ್ತು. ದಾರಿಗೆ ಹಾಕಿದ ಕೆಂಪು ಮಣ್ಣಿನ ಜೊತೆ, ಗಾಡಿಯ ಚಕ್ರದ ಜೊತೆ ಬಂದ ಗಿಡಗಳು ಅವು. ಮರಳಿಗೆ ಮಣ್ಣು ಬಿತ್ತು, ಉಪ್ಪು ಗಾಳಿಗೆ ಮರೆ ಆಯಿತು, ಊರಿನ ಕಳೆಗಳೆಲ್ಲ ಬಂದು ಕುಳಿತವು. ಅಡುಂಬು, ರಾವಣನ ಮೀಸೆ ಅಲ್ಲಿ ಅಂಚಿಗೆ ಸರಿದಿದ್ದವು. ಸೂತ್ರಕ್ಕೆ ಇದು ಗೊತ್ತಾಗುವುದಿಲ್ಲ. ಸೂತ್ರಕ್ಕೆ ಹೆಸರಿಲ್ಲ, ಅಂಕಿ ಮಾತ್ರ.

ಅದಕ್ಕೇ ಇವತ್ತು ಒತ್ತಿ ಹೇಳುತ್ತಿದ್ದೇನೆ. ದಿಬ್ಬದ ಮುಂಭಾಗದಲ್ಲಿ ಜಾತಿಗಳು ಕಡಿಮೆ ಇರುವುದೇ ಆರೋಗ್ಯ. ಅಲ್ಲಿ ಬದುಕುವುದು ಕಷ್ಟ, ಹಾಗಾಗಿ ಕೆಲವೇ ಗಿಡ. ಅಂಥ ಕಡೆ ಅಂಕಿ ಇದ್ದಕ್ಕಿದ್ದಂತೆ ಏರಿದರೆ ಖುಷಿಪಡಬೇಡಿ, ಹೋಗಿ ನೋಡಿ, ಏನೋ ಕೆಟ್ಟಿದೆ.

ಇದಕ್ಕೆ ಏನು ಮಾಡಬಹುದು? ಅಮೆರಿಕದ ಷಿಕಾಗೊ ಸೀಮೆಯಲ್ಲಿ 1970ರ ದಶಕದಲ್ಲಿ ಒಂದು ದಾರಿ ಕಂಡುಕೊಂಡರು. ಆ ಸೀಮೆಯ ಪ್ರತಿ ಗಿಡಕ್ಕೂ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ. ಎಲ್ಲಿ ಬೇಕಾದರೂ ಬೆಳೆಯುವ ಗಿಡಕ್ಕೆ ಸೊನ್ನೆಯ ಹತ್ತಿರ. ಕೆಡದೆ ಉಳಿದ ಜಾಗದಲ್ಲಿ ಮಾತ್ರ ಬೆಳೆಯುವ ಗಿಡಕ್ಕೆ ಹತ್ತರ ಹತ್ತಿರ. ಆಮೇಲೆ ಆ ಅಂಕಗಳ ಸರಾಸರಿ ನೋಡುವುದು. ನಮ್ಮ ಕರಾವಳಿಗೂ ಇಂಥ ಪಟ್ಟಿ ಬೇಕು. ಅದನ್ನು ಕೋಣೆಯಲ್ಲಿ ಕುಳಿತು ಮಾಡಲಾಗುವುದಿಲ್ಲ. ಯಾವ ಗಿಡ ಎಲ್ಲಿ ನಿಲ್ಲುತ್ತದೆ ಎಂದು ದಂಡೆಯಲ್ಲಿ ಬದುಕಿದವರಿಗೆ ಗೊತ್ತು. ಮೀನುಗಾರರ ಮನೆಯ ಹಿರಿಯರ ಜೊತೆ ಕುಳಿತು ಮಾಡಬೇಕು. ಅಲ್ಲಿಯವರೆಗೆ ನಾನು ಕನಿಷ್ಠ ಎರಡು ಸಾಲು ಬೇರೆ ಬೇರೆ ಬರೆಯುತ್ತೇನೆ. ದಿಬ್ಬದ ಸ್ವಂತ ಗಿಡಗಳು ಎಷ್ಟು, ಹೊರಗಿನಿಂದ ಬಂದವು ಎಷ್ಟು. ಎರಡನ್ನೂ ಕೂಡಿಸಿ ಒಂದು ಅಂಕಿ ಕೊಡುವುದನ್ನು ಬಿಟ್ಟುಬಿಟ್ಟಿದ್ದೇನೆ.

ಯಾವ ದಿಬ್ಬ ಉಳಿಸಬೇಕು ಎಂಬ ಪ್ರಶ್ನೆ ಬಂದಾಗ ಇನ್ನೊಂದು ಲೆಕ್ಕವೂ ಬೇಕು. ಎರಡು ದಿಬ್ಬ, ಎರಡರಲ್ಲೂ ಹತ್ತು ಹತ್ತು ಜಾತಿ. ಅವುಗಳಲ್ಲಿ ಎಂಟು ಎರಡೂ ಕಡೆ ಇವೆ ಅಂದರೆ ಒಂದನ್ನು ನೋಡಿದರೆ ಇನ್ನೊಂದನ್ನು ನೋಡಿದಂತೆ. ಎರಡೇ ಜಾತಿ ಸಮಾನ ಅಂದರೆ ಎರಡೂ ದಿಬ್ಬ ಉಳಿಯಬೇಕು, ಒಂದು ಹೋದರೆ ಎಂಟು ಜಾತಿ ಹೋಗುತ್ತವೆ. ಡೆನ್ಮಾರ್ಕಿನ ಸೋರೆನ್ಸನ್ 1948ರಲ್ಲಿ ಇದಕ್ಕೆ ಸುಲಭದ ಸೂತ್ರ ಕೊಟ್ಟರು. ಸಮಾನ ಜಾತಿಗಳ ಎರಡರಷ್ಟನ್ನು ಎರಡೂ ಕಡೆಯ ಒಟ್ಟು ಜಾತಿಗಳಿಂದ ಭಾಗಿಸುವುದು. ಮೊದಲನೆಯದಕ್ಕೆ 0.8, ಎರಡನೆಯದಕ್ಕೆ 0.2.

ಇಷ್ಟೆಲ್ಲ ಲೆಕ್ಕ ಯಾಕೆ? ಕಾನೂನಿಗೆ ಬೇಕು. 1991ರಲ್ಲಿ ಮೊದಲ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು, ಸಿಆರ್‌ಝಡ್ ಎನ್ನುತ್ತೇವಲ್ಲ ಅದು. 2011ರ ಅಧಿಸೂಚನೆ ಮರಳು ದಿಬ್ಬಗಳನ್ನು ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಮತ್ತು ಹವಳದ ದಿಬ್ಬಗಳ ಸಾಲಿನಲ್ಲೇ, ಅತಿ ಸೂಕ್ಷ್ಮ ಜಾಗಗಳ ಮೊದಲ ದರ್ಜೆಯಲ್ಲಿ ಸೇರಿಸಿತು. 2019ರ ಅಧಿಸೂಚನೆಯಲ್ಲೂ ಅವು ಅಲ್ಲೇ ಇವೆ. ಆದರೆ ಕಾಗದದ ಮೇಲೆ ದಿಬ್ಬ ಎಂದು ಇದ್ದರೆ ಸಾಲದು. ಈ ಸರ್ವೆ ನಂಬರಿನಲ್ಲಿ ದಿಬ್ಬ ಇದೆ, ಇಲ್ಲಿಂದ ಇಲ್ಲಿಯವರೆಗೆ ದಿಬ್ಬದ ಗಿಡಗಳಿವೆ ಎಂದು ತೋರಿಸಬೇಕು. ಜೆಸಿಬಿ ಸಮ ಮಾಡಿದ ಮೇಲೆ ತೋರಿಸಲು ಏನೂ ಇರುವುದಿಲ್ಲ. ಮುಂಚಿನ ವರ್ಷದ ಲೆಕ್ಕದ ಪುಸ್ತಕ ಇದ್ದರೆ ಅದೊಂದು ಸಾಕ್ಷಿ.

ನೆಡುವವರಿಗೂ ಈ ಲೆಕ್ಕ ಬೇಕು. ಗಾಳಿಮರ ನಮ್ಮ ದೇಶದಲ್ಲಿ ಉರುವಲಿಗೆಂದು ಮೊದಲು ನೆಟ್ಟದ್ದು ಕಾರವಾರದಲ್ಲೇ, 1868ರಲ್ಲಿ. ಆಸ್ಟ್ರೇಲಿಯದ ಕಡೆಯ ಮರ ಅದು. ಗಾಳಿ ತಡೆಯುತ್ತದೆ, ಸೌದೆಗೆ ಆಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಕೆಳಗೆ ಒಮ್ಮೆ ಚೌಕ ಇಟ್ಟು ನೋಡಿ. ಸೂಜಿ ಎಲೆಯ ದಪ್ಪ ಹಾಸು. ಅಡುಂಬು ಅಲ್ಲಿ ಬದುಕುವುದಿಲ್ಲ, ಅದಕ್ಕೆ ಬಿಸಿಲು ಬೇಕು. ಹೊನ್ನಾವರದ ದಂಡೆಗಳಿಗೆ ಮೊಟ್ಟೆ ಇಡಲು ಕಡಲಾಮೆಗಳು ಬರುತ್ತವೆ. ಅವಕ್ಕೂ ಬೇಕಾದದ್ದು ತೆರೆದ ಮರಳು.

ಒಂದು ಮಾತು ನಮ್ಮ ಕಡೆಯದು. ಆ ಮರಳು ಎಲ್ಲಿಂದ ಬರುತ್ತದೆ? ಒಂದು ಪಾಲು ಇಲ್ಲಿಂದಲೇ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಹೊಸನಗರದ ಕಡೆಯ ವಾರಾಹಿ, ಚಕ್ರಾ, ಕೊಡಚಾದ್ರಿಯ ಸೌಪರ್ಣಿಕಾ ಗಂಗೊಳ್ಳಿಯ ಅಳಿವೆಗೆ ಹೋಗುತ್ತವೆ. ಘಟ್ಟದ ಕಲ್ಲು ಸವೆದು ಮರಳಾಗಿ ನದಿಯ ಜೊತೆ ಹೋಗುತ್ತದೆ, ಅಲೆ ಅದನ್ನು ದಂಡೆಯುದ್ದಕ್ಕೆ ಹಂಚುತ್ತದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದರು. ಮುಳುಗಡೆಯ ನೋವು ಈ ಸಭೆಯಲ್ಲಿ ಹಲವರ ಮನೆಯದು, ನಾನು ಹೇಳಬೇಕಾಗಿಲ್ಲ. ಮನೆ, ತೋಟ, ಗದ್ದೆ ಮುಳುಗಿದ ಅದೇ ನೀರಿನ ತಳದಲ್ಲಿ ಕೆಳಗೆ ಹೋಗಬೇಕಾದ ಮರಳೂ ನಿಂತಿದೆ. ಕಡಲ್ಕೊರೆತದ ಸುದ್ದಿ ಓದುವಾಗ ನಾವು ಅಲೆಯನ್ನು ಮಾತ್ರ ನೋಡುತ್ತೇವೆ. ದಿಬ್ಬಕ್ಕೆ ಬರುವ ಮರಳು ಕಡಿಮೆಯಾದಾಗ ಇರುವ ಮರಳನ್ನು ಹಿಡಿದಿಟ್ಟುಕೊಳ್ಳುವ ಗಿಡಗಳ ಬೆಲೆ ಇನ್ನೂ ಜಾಸ್ತಿಯಾಗುತ್ತದೆ.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಒಬ್ಬರು ಹಿರಿಯರು ಕೇಳಿದರು: "ಹಾಗಾದರೆ ಈಗಿರುವ ಗಾಳಿಮರ ಎಲ್ಲ ಕಡಿಯಬೇಕಾ?" ಬೇಡ ಎನ್ನುವುದು ನನ್ನ ಉತ್ತರ. ಅದರ ಹಿಂದೆ ಮನೆಗಳಿವೆ, ಬದುಕುಗಳಿವೆ. ಮುಂದಿನ ದಿಬ್ಬದ ಮೇಲೆ ಹೊಸದಾಗಿ ನೆಡಬಾರದು, ಅಷ್ಟೇ. ನೆಡಲೇಬೇಕಾದರೆ ಹಿಂದೆ ಸುರಹೊನ್ನೆ ಇದೆ, ಕೇದಿಗೆ ಇದೆ.

ಒಬ್ಬ ವಿದ್ಯಾರ್ಥಿ ಕೇಳಿದ್ದು: "ಫೋನಿನ ಆ್ಯಪ್‌ನಲ್ಲಿ ಫೋಟೊ ಹಾಕಿದರೆ ಹೆಸರು ಹೇಳುತ್ತದಲ್ಲ, ಸಾಕಾ?" ಹೂವಿರುವ ಬಳ್ಳಿಗೆ ಬಹಳಷ್ಟು ಸಲ ಸರಿಯಾಗಿ ಹೇಳುತ್ತದೆ. ತಾರೀಕು, ಜಾಗದ ಸಮೇತ ಫೋಟೊ ಉಳಿಯುತ್ತದೆ, ಅದು ದೊಡ್ಡ ಲಾಭ. ಆದರೆ ಹುಲ್ಲು ಮತ್ತು ಜೇಕಿನಲ್ಲಿ ನಂಬಬೇಡಿ. ಅವನ್ನು ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿ ತಿಳಿದವರಿಗೆ ತೋರಿಸಿ. ಗೊತ್ತಾಗದಿದ್ದರೆ 'ಜೇಕು-1', 'ಜೇಕು-2' ಎಂದು ಬರೆದಿಡಿ. ತಪ್ಪು ಹೆಸರಿಗಿಂತ ಅದು ಮೇಲು.

ಶಿಕ್ಷಕಿಯೊಬ್ಬರು ಕೇಳಿದರು: "ಅದೇ ಜಾಗ ಮತ್ತೆ ಸಿಗುವುದು ಹೇಗೆ?" ಒಳ್ಳೆಯ ಪ್ರಶ್ನೆ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಕಾಡಿನಲ್ಲಿ ಪರವಾಗಿಲ್ಲ. ದಿಬ್ಬದಲ್ಲಿ ಐದು ಮೀಟರ್ ತಪ್ಪಿದರೆ ಬೇರೆಯದೇ ಪಟ್ಟಿಗೆ ಹೋಗುತ್ತೀರಿ. ಗೂಟ ಹೊಡೆದರೆ ಮಳೆಗಾಲದ ಅಲೆ ಎಳೆದುಕೊಂಡು ಹೋಗುತ್ತದೆ. ನಮ್ಮ ಗೂಟಗಳನ್ನು ಎರಡು ಸಲ ಯಾರೋ ಕಿತ್ತು ಬೇಲಿಗೆ ಬಳಸಿದ್ದರು. ಹಾಗಾಗಿ ಹಿಂದೆ ಗಟ್ಟಿಯಾಗಿ ನಿಂತ ಗುರುತು ಹುಡುಕಿ. ಬಾವಿಯ ಕಟ್ಟೆ, ಗುಡಿಯ ಮೂಲೆ, ಹಳೆಯ ಚಿರೆಕಲ್ಲಿನ ಕಂಬ. ಅಲ್ಲಿಂದ ಯಾವ ದಿಕ್ಕಿಗೆ ಎಷ್ಟು ಮೀಟರ್ ಎಂದು ಬರೆದಿಡಿ. ವರ್ಷಕ್ಕೆ ಎರಡು ಸಲ ಹೋಗಿ. ಮಳೆ ಮುಗಿದ ಕೂಡಲೇ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ. ಮಳೆಗಾಲದ ಅಲೆ ದಿಬ್ಬದ ಮುಖ ಕೊರೆದಿರುತ್ತದೆ, ಬೇಸಿಗೆಯ ಹೊತ್ತಿಗೆ ಮತ್ತೆ ತುಂಬಿಕೊಂಡಿರುತ್ತದೆ. ಒಂದೇ ಸಲ ನೋಡಿ ದಿಬ್ಬ ಹೋಯಿತು ಎಂದೋ, ಚೆನ್ನಾಗಿದೆ ಎಂದೋ ಹೇಳಲಾಗದು.

ಅಕ್ಟೋಬರಿನಲ್ಲಿ ನಾವು ಮತ್ತೆ ಅದೇ ಗೆರೆಗೆ ಹೋಗುತ್ತಿದ್ದೇವೆ. ಬರುವವರು ಹೊರಗೆ ಮೇಜಿನ ಮೇಲಿರುವ ಪುಸ್ತಕದಲ್ಲಿ ಹೆಸರು ಬರೆಯಿರಿ. ಬೆಳಿಗ್ಗೆ ಐದಕ್ಕೆ ಇಲ್ಲಿಂದ ಹೊರಟರೆ ಬಿಸಿಲೇರುವ ಮೊದಲು ದಂಡೆ ಮುಟ್ಟಬಹುದು. ಟೋಪಿ, ಕುಡಿಯುವ ನೀರು, ಪೆನ್ಸಿಲ್ ತನ್ನಿ. ಪೆನ್ನಿನ ಶಾಯಿ ಬೆವರಿಗೆ ಹರಡುತ್ತದೆ. ಚಪ್ಪಲಿ ಬೇಡ, ಬೂಟು ಹಾಕಿಕೊಳ್ಳಿ. ರಾವಣನ ಮೀಸೆ ಈಗ ನಿಮ್ಮ ಕೈಗೆ ಚುಚ್ಚಿದ್ದು ಒಂದೇ ಒಂದು ಚೆಂಡು, ಅಲ್ಲಿ ಇಡೀ ದಿಬ್ಬವೇ ಇದೆ.